ವಯಸ್ಸಾದ ಅವ್ವನಿಗೆ ಕೋವಿ ಆರಿಸುವಾಗ

ಕೊಡಗಿನ ತೋಟದ ಮನೆಯಲ್ಲಿ ಅವ್ವ ಒಬ್ಬರೇ ಇರುತ್ತಾರೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, 2029ರವರೆಗೆ. ಉಳಿದವರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಆದರೆ ಕಾನೂನು ಒಪ್ಪಿದ್ದೆಲ್ಲ ಅವರ ಕೈ ಒಪ್ಪುವುದಿಲ್ಲ.

ಅಂಗಡಿಗೆ ಅವ್ವನನ್ನೇ ಕರೆದುಕೊಂಡು ಹೋಗಿ. ತೋಟಾ (ಗುಂಡು-ಮದ್ದು ತುಂಬಿದ ಕೊಳವೆ) ಹಾಕದ, ಹನ್ನೆರಡು ಬೋರ್ ಅಳತೆಯ ಜೋಡಿ ನಳಿಗೆ ಕೋವಿಯನ್ನು ಅವರ ಕೈಗೆ ಕೊಡಿಸಿ. ನಳಿಗೆ ಮಡಚುವ ಸನ್ನೆಕೋಲನ್ನು ಅವರ ಹೆಬ್ಬೆರಳು ತಾನಾಗಿ ತಳ್ಳಬೇಕು. ಸಂಧಿವಾತದ ಕೈ ಸೋಲುವುದು ಮೊದಲು ಅಲ್ಲೇ. ಆಮೇಲೆ ಕೋವಿಯ ಹಿಂತುದಿಯನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿದು, ಬೆರಳು ಟ್ರಿಗರನ್ನು ಸಲೀಸಾಗಿ ಮುಟ್ಟುತ್ತದೆಯೇ ನೋಡಿ. ಮುಟ್ಟದಿದ್ದರೆ ಹಿಂಬದಿಯ ಮರವನ್ನು ಬಡಗಿಯಿಂದಲ್ಲ, ಕೋವಿ ರಿಪೇರಿಯವರಿಂದಲೇ ಗಿಡ್ಡ ಮಾಡಿಸಿ.

ಹಗುರವಾದದ್ದೇ ಒಳ್ಳೆಯದು ಎಂದು ಒಂಟಿ ನಳಿಗೆಯದನ್ನು ಕೊಡಿಸಬೇಡಿ. ಕೋವಿ ಹಗುರವಾದಷ್ಟೂ ಹೆಗಲಿಗೆ ಬೀಳುವ ಒದೆತ ಜೋರು. ಕಡಿಮೆ ಗುಂಡಿನ, ಮೆದು ಒದೆತದ ತೋಟಾ ಕೇಳಿ. ರಿವಾಲ್ವರ್ ಚಿಕ್ಕದೆಂದು ಆಸೆಪಡುವವರಿದ್ದಾರೆ. ಅದರ ಟ್ರಿಗರ್ ಎಳೆಯಲು ಬೇಕಾದ ಬಲವೂ ಗುರಿ ಕಟ್ಟುವ ಸ್ಥಿರತೆಯೂ ಎಪ್ಪತ್ತು ದಾಟಿದ ಕೈಯಲ್ಲಿ ಉಳಿಯುವುದು ಅಪರೂಪ.

ಕೋವಿ ಒಂದು ಬೀರುವಿನಲ್ಲಿ, ತೋಟಾ ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಮರೆವು ಹೆಚ್ಚಿದ್ದರೆ, ಮನಸ್ಸು ಕುಗ್ಗಿದ್ದರೆ ಕೋವಿಯೇ ಬೇಡ. ಗಟ್ಟಿ ಚಿಲಕ, ಅಂಗಳಕ್ಕೆ ದೀಪ, ಪಕ್ಕದ ಲೈನ್‌ಮನೆಗೆ (ತೋಟದ ಕೆಲಸಗಾರರ ಸಾಲುಮನೆಗೆ) ಕೇಳುವ ಗಂಟೆ ಹಾಕಿಸಿ.