ಆಷಾಢದ ಮನಸ್ಸು, ಮಾಘದ ಮನಸ್ಸು

ತೋಟ ಮಾರಿಸುವ ದಲ್ಲಾಳಿಗಳು ನಮ್ಮ ಕಡೆ ಜುಲೈಯಲ್ಲೇ ಜಾಸ್ತಿ ಓಡಾಡುತ್ತಾರೆ. ಪುನರ್ವಸು ಮಳೆ ಹಿಡಿದಿರುತ್ತದೆ. ಕರೆಂಟು ಹೋದದ್ದು ಬಂದಿರುವುದಿಲ್ಲ. ತೋಟಕ್ಕೆ ಇಳಿದರೆ ಕಾಲಿಗೆ ಉಂಬಳ, ಮರದ ಬುಡದಲ್ಲಿ ಕೊಳೆತು ಉದುರಿದ ಕಾಯಿ. ಆಗ ಯಾರಾದರೂ ಜಗುಲಿಯಲ್ಲಿ ಕೂತು "ಅಕ್ಕಾ, ಒಳ್ಳೇ ಪಾರ್ಟಿ ಇದೆ, ಒಮ್ಮೆ ಮಾತಾಡಿ ನೋಡಿ" ಅಂದರೆ ಆ ಮಾತು ಎಷ್ಟು ಸರಿ ಅನ್ನಿಸುತ್ತದೆ ಗೊತ್ತಾ? ಅದೇ ಮನುಷ್ಯ ಫೆಬ್ರವರಿಯಲ್ಲಿ ಬಂದರೆ ಚಹಾ ಕೊಟ್ಟು ಕಳಿಸುತ್ತೇವೆ, ಅಷ್ಟೇ.

ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಳ್ಳುತ್ತೇನೆ. ಯಜಮಾನರು ತೀರಿಕೊಂಡ ಮೇಲೆ ಅದು ನನ್ನ ಕೈಗೆ ಬಂತು. ಅಲ್ಲಿಯವರೆಗೆ ನನ್ನ ಪಾಲಿಗೆ ಇದ್ದದ್ದು ಅಡುಗೆಮನೆ, ಕೊಟ್ಟಿಗೆ, ಸುಗ್ಗಿಯಲ್ಲಿ ಅಡಿಕೆ ಸುಲಿಯುವವರಿಗೆ ಊಟ. ಮಗ ಬೆಂಗಳೂರಿನಲ್ಲಿದ್ದಾನೆ. ಮಾವನವರಿಗೆ ವಯಸ್ಸಾಗಿದೆ. ತೋಟದ ಕೆಲಸ ಹೇಗೋ ಕಲಿತೆ, ಅದು ದೊಡ್ಡ ವಿಷಯವಲ್ಲ. ಮನಸ್ಸು ಹೇಳಿದ್ದನ್ನೆಲ್ಲ ನಂಬದೆ, ಹಾಗಂತ ಪೂರ್ತಿ ತಳ್ಳಿಯೂ ಹಾಕದೆ, ಮುಂದಿನ ದಾರಿ ನೋಡುವುದನ್ನು ಕಲಿಯುವುದಕ್ಕೆ ಜಾಸ್ತಿ ಸಮಯ ಹಿಡಿಯಿತು.

ಯಜಮಾನರು ದಿನಾ ಲೆಕ್ಕ ಬರೆಯುತ್ತಿದ್ದರು. ಆಳಿನ ಕೂಲಿ, ಗೊಬ್ಬರ, ಹಿಂಡಿ, ಎಲ್ಲ. ನಾನೂ ಮುಂದುವರಿಸಿದೆ. ರಾತ್ರಿ ಮಾತಾಡಲು ಯಾರೂ ಇರುತ್ತಿರಲಿಲ್ಲ, ಹಾಗಾಗಿ ಲೆಕ್ಕದ ಪಕ್ಕದಲ್ಲಿ ಒಂದು ಸಾಲು ಮನಸ್ಸಿನದ್ದೂ ಬರೆಯತೊಡಗಿದೆ. ಸುಮ್ನೆ, ಯಾವ ಉದ್ದೇಶವೂ ಇಲ್ಲದೆ. ಒಂದು ದೀಪಾವಳಿಯ ಹೊತ್ತಿಗೆ ಹಳೇ ಪುಸ್ತಕ ತಿರುವಿ ಹಾಕುವಾಗ ನಗು ಬಂತು. ಆಷಾಢದ ಪುಟಗಳಲ್ಲೆಲ್ಲ ಒಂದೇ ಮಾತು: "ಇದು ನನ್ನಿಂದ ಆಗುವುದಲ್ಲ, ಮಾರಿಬಿಡುವುದೇ ಒಳ್ಳೇದು." ಮಾಘದ ಪುಟಗಳಲ್ಲಿ, ಅಂದರೆ ಅಡಿಕೆ ಒಣಗಿ ಚಾಲಿ ಮಾರಾಟಕ್ಕೆ ಹೋಗುವ ಕಾಲದಲ್ಲಿ, ಇನ್ನೊಬ್ಬಳೇ ಬರೆದಂತೆ ಇತ್ತು: "ಪಕ್ಕದ ತೋಟ ಮಾರಾಟಕ್ಕಿದೆಯಂತೆ, ಸಾಲ ಮಾಡಿಯಾದರೂ ತಗೊಂಡರೆ ಹೇಗೆ?" ವರ್ಷ ಬದಲಾದರೂ ಈ ಇಬ್ಬರು ಹೆಂಗಸರು ಬದಲಾಗಿರಲಿಲ್ಲ. ತೋಟ ಅದೇ, ಮರ ಅದೇ. ಒಬ್ಬಳಿಗೆ ಮುಂದೆ ಏನೂ ಕಾಣುವುದಿಲ್ಲ, ಇನ್ನೊಬ್ಬಳಿಗೆ ಎಲ್ಲವೂ ಸಲೀಸು.

ಧಾರವಾಡದಲ್ಲಿ ಮನಶ್ಶಾಸ್ತ್ರ ಪಾಠ ಮಾಡುವ ತಂಗಿಯ ಮಗಳಿಗೆ ಇದನ್ನು ಹೇಳಿದೆ. ಅವಳು ಎರಡು ಅಧ್ಯಯನಗಳ ಬಗ್ಗೆ ಹೇಳಿದಳು. ಮೊದಲನೆಯದು 2015ರದ್ದು, ಅಮೆರಿಕದ ಕಾರು ಮಾರಾಟದ ಮೇಲೆ ಮಾಡಿದ್ದು. ಬಿಸಿಲು ಚೆನ್ನಾಗಿ ಬಿದ್ದ ದಿನ ಅಲ್ಲಿ ಚಾವಣಿ ತೆರೆಯುವ ಕಾರು ಜಾಸ್ತಿ ಖರ್ಚಾಗುತ್ತದಂತೆ. ಹಿಮ ಬಿದ್ದ ಮೇಲೆ ನಾಲ್ಕೂ ಚಕ್ರ ಎಳೆಯುವ ಗಾಡಿಗೆ ಗಿರಾಕಿ ಹೆಚ್ಚುತ್ತದಂತೆ. ಕಾರು ವರ್ಷಾನುಗಟ್ಟಲೆ ಓಡಿಸುವ ವಸ್ತು, ಬಿಸಿಲು ಇವತ್ತಿನದ್ದು. ಆದರೂ ಇವತ್ತಿನ ಬಿಸಿಲೇ ಕಾರು ಆರಿಸುತ್ತದೆ.

ಎರಡನೆಯದು ನನಗೆ ಇನ್ನೂ ಹತ್ತಿರ ಅನ್ನಿಸಿತು. 1983ರಲ್ಲಿ ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಜೆರಾಲ್ಡ್ ಕ್ಲೋರ್ ಎಂಬ ಇಬ್ಬರು ಜನರಿಗೆ ಫೋನ್ ಮಾಡಿಸಿ, ನಿಮ್ಮ ಬದುಕು ಒಟ್ಟಾರೆ ಎಷ್ಟು ತೃಪ್ತಿಯಾಗಿದೆ ಅಂತ ಕೇಳಿಸಿದರು. ಮಳೆಯ ದಿನ ಕೇಳಿದವರು ಕಡಿಮೆ ಅಂಕ ಕೊಟ್ಟರು, ಬಿಸಿಲಿನ ದಿನದವರು ಹೆಚ್ಚು ಕೊಟ್ಟರು. ಆದರೆ ಫೋನ್ ಮಾಡಿದವರು ಮೊದಲು "ನಿಮ್ಮ ಕಡೆ ಹವಾಮಾನ ಹೇಗಿದೆ?" ಅಂತ ಲೋಕಾಭಿರಾಮವಾಗಿ ಕೇಳಿದ್ದರೆ ಆ ವ್ಯತ್ಯಾಸ ಕಾಣಿಸಲಿಲ್ಲ. ಮಳೆಯ ಬೇಸರ ಮಳೆಯ ಲೆಕ್ಕಕ್ಕೆ ಹೋಯಿತು, ಬದುಕಿನ ಲೆಕ್ಕಕ್ಕೆ ಬರಲಿಲ್ಲ.

ಅವಳೇ ಇನ್ನೊಂದು ಮಾತನ್ನೂ ಸೇರಿಸಿದಳು. 2013ರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಅಮೆರಿಕನ್ನರ ಉತ್ತರಗಳನ್ನು ಹವಾಮಾನದ ಜೊತೆ ಹೋಲಿಸಿ ನೋಡಿದಾಗ, ದಿನದ ಹವಾಮಾನಕ್ಕೂ ತೃಪ್ತಿಗೂ ನಂಬುವಂಥ ನಂಟು ಸಿಗಲಿಲ್ಲವಂತೆ. ಇರಲಿ. ಅದು ಒಂದೊಂದು ದಿನದ ಮಳೆಯ ಮಾತು. ನಮ್ಮಲ್ಲಿ ಜೂನ್‌ನಲ್ಲಿ ಶುರುವಾದದ್ದು ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ, ಜೊತೆಗೆ ಬೆಳೆಯನ್ನೂ ತಿನ್ನುತ್ತದೆ. ನನ್ನ ಎರಡು ಪುಟಗಳಂತೂ ಕಣ್ಣೆದುರೇ ಇದ್ದವು.

ಅಲ್ಲಿಂದ ಬರೆಯುವ ಕ್ರಮ ಬದಲಾಯಿಸಿದೆ. ಮೊದಲು ಮಳೆ, ಆಮೇಲೆ ಮೈ, ಆಮೇಲೆ ದುಡ್ಡು, ಕೊನೆಗೆ ಮನಸ್ಸು. "ಜೋರು ಮಳೆ, ಕರೆಂಟಿಲ್ಲ. ಮೊಣಕಾಲು ನೋವು. ಸೊಸೈಟಿ ಕಂತು ಬಾಕಿ. ಅಪ್ಪಿ ಫೋನ್ ಮಾಡಲಿಲ್ಲ. ಎಲ್ಲ ಸಾಕು ಅನ್ನಿಸುತ್ತಿದೆ." ಹೀಗೆ ಬರೆದ ಮೇಲೆ ಓದಿದರೆ "ಎಲ್ಲ ಸಾಕು" ಎಂಬುದು ತೋಟದ ಬಗ್ಗೆ ಹೇಳಿದ ತೀರ್ಪಾಗಿ ಕಾಣುವುದಿಲ್ಲ. ಮೊಣಕಾಲಿನದ್ದು ಸ್ವಲ್ಪ, ಕಂತಿನದ್ದು ಸ್ವಲ್ಪ, ಮಗನ ಫೋನಿನದ್ದು ಬಹಳ. ಬಹಳ ಸಲ ನಾನು ಮಾಡಿದ್ದು ಇಷ್ಟೇ: ನಾನೇ ಅವನಿಗೆ ಫೋನ್ ಮಾಡಿದೆ.

ಎರಡನೇ ಕ್ರಮ ಮಾವನವರ ಬಾಯಿಂದ ಬಂತು. ಒಂದು ಆಷಾಢದಲ್ಲಿ ದಲ್ಲಾಳಿಗೆ ಏನು ಹೇಳಲಿ ಅಂತ ಕೇಳಿದ್ದಕ್ಕೆ ಹೊಡತಲ ಮುಂದೆ ಕೈ ಕಾಸಿಕೊಳ್ಳುತ್ತಾ ಅವರು ಅಂದರು, "ದೀಪಾವಳಿ ಕಳೀಲಿ ಕೂಸೇ, ಆಮೇಲೆ ನೋಡನ." ಅದನ್ನೇ ನಿಯಮ ಮಾಡಿಕೊಂಡೆ. ಮಾರುವುದು, ಕೊಳ್ಳುವುದು, ದೊಡ್ಡ ಸಾಲ, ಮರ ಕಡಿಸುವುದು: ಇಂಥವನ್ನು ಆಷಾಢದ ಪುಟ ಮತ್ತು ಮಾಘದ ಪುಟ ಎರಡನ್ನೂ ಒಟ್ಟಿಗೆ ಓದದೆ ತೀರ್ಮಾನ ಮಾಡುವುದಿಲ್ಲ. ಎರಡೂ ಕಾಲದಲ್ಲಿ ಒಂದೇ ಮಾತು ಬಂದರೆ ಅದಕ್ಕೆ ಬೆಲೆ. ಬೇರೆ ಬೇರೆ ಬಂದರೆ ಇನ್ನೊಂದು ವರ್ಷ ಕಾಯಬಹುದು.

ಕಾಯಲಾಗದ ಕೆಲಸಗಳೂ ಇವೆಯಲ್ಲ. ಕಾಯಿ ಕೊಳೆಸಿ ಉದುರಿಸುವ ಕೊಳೆರೋಗ ನಮ್ಮ ಮನಸ್ಸು ಸರಿಯಾಗುವ ತನಕ ನಿಲ್ಲುವುದಿಲ್ಲ. ಮಳೆಗೆ ಮೊದಲು ಒಂದು ಸಲ ಬೋರ್ಡೋ ಮದ್ದು ಹೊಡೆಯಬೇಕು, 40–45 ದಿನ ಬಿಟ್ಟು ಇನ್ನೊಂದು ಸಲ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಹದ ಸರಿಯಾಗಿದೆಯೇ ಅಂತ ಕಬ್ಬಿಣದ ಕತ್ತಿ ಅದ್ದಿ ನೋಡುತ್ತೇವೆ. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಈ ಮದ್ದನ್ನು ಅಡಿಕೆಯ ಕೊಳೆಗೆ ಹಳೇ ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. 1910ರಲ್ಲೇ ಅವರು ಕೊಳೆರೋಗದ ಬಗ್ಗೆ ಬರೆದಿದ್ದರು. ನೂರು ವರ್ಷ ಕಳೆದರೂ ಅದೇ ಹಂಡೆ, ಅದೇ ನೀಲಿ ನೀರು.

ಎರಡನೇ ಮದ್ದಿನ ಹೊತ್ತಿಗೆ ನನ್ನ ಮನಸ್ಸು ಯಾವಾಗಲೂ ಕುಸಿದಿರುತ್ತದೆ. "ಹೊಡೆದರೂ ಅಷ್ಟೇ" ಅನ್ನಿಸುತ್ತದೆ. ಇದಕ್ಕೆ ಉಪಾಯ ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳುತ್ತೇನೆ. ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ: "ಇಂಥ ವಾರ ಎರಡು ತಾಸು ಮಳೆ ಬಿಟ್ಟರೆ ಕೊನೆಗೌಡನಿಗೆ ಫೋನ್. ಅವನು ಬರದಿದ್ದರೆ ಕೆಳಗಿನ ಕೇರಿಯವನಿಗೆ." ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಮದ್ದು ಹೊಡೆಯುವವನು. ಮೈಲುತುತ್ತ ತಂದು ಅಟ್ಟದ ಮೇಲೆ ಇಟ್ಟಿರುತ್ತೇನೆ. ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಇಂಥದ್ದನ್ನೇ ಬಹಳ ಪರೀಕ್ಷೆ ಮಾಡಿದ್ದಾರಂತೆ: "ಇಂಥ ಹೊತ್ತು ಬಂದರೆ ಇಂಥ ಕೆಲಸ" ಅಂತ ಮೊದಲೇ ಗಂಟು ಹಾಕಿಟ್ಟವರು, ಬರೀ "ಮಾಡಬೇಕು" ಅಂದುಕೊಂಡವರಿಗಿಂತ ಹೆಚ್ಚು ಸಲ ಕೆಲಸ ಮುಗಿಸುತ್ತಾರೆ. ನನಗೆ ಅದರಲ್ಲಿ ಹಿಡಿಸಿದ್ದು ಏನೆಂದರೆ, ಆ ದಿನ ಹುರುಪು ಬರಲಿ ಅಂತ ಕಾಯಬೇಕಾಗಿಲ್ಲ. ಮೇ ತಿಂಗಳ ನಾನು ಜುಲೈಯ ನನಗೆ ಕೆಲಸ ಹೇಳಿಟ್ಟಿದ್ದೇನೆ. ಜುಲೈಯವಳು ಗೊಣಗುತ್ತಲೇ ಮಾಡುತ್ತಾಳೆ. ಕೊನೆಗೌಡ ಮರದಿಂದ ಮರಕ್ಕೆ ಹೋಗುವುದನ್ನು ಕೆಳಗೆ ನಿಂತು ನೋಡುವಷ್ಟರಲ್ಲಿ ಗೊಣಗಾಟವೂ ಸ್ವಲ್ಪ ಇಳಿದಿರುತ್ತದೆ.

ಉತ್ಸಾಹವನ್ನೂ ಹೀಗೇ ಅನುಮಾನದಿಂದ ನೋಡಬೇಕೇ ಅಂತ ಕೆಲವರು ಕೇಳುತ್ತಾರೆ. ನಮ್ಮ ಕಡೆಯವರಿಗೆ ವೆನಿಲಾ ನೆನಪಿಸಿದರೆ ಸಾಕು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿಯ ಬೆಳೆ ಹೋಯಿತು. ದರ ಏರಿತು. 2003ರ ಹೊತ್ತಿಗೆ ಹಸಿ ಕೋಡಿಗೇ ಕೆ.ಜಿ.ಗೆ ಸಾವಿರಗಟ್ಟಲೆ ರೂಪಾಯಿ. ಇಲ್ಲಿ ಅದರ ಹೂವಿಗೆ ಪರಾಗ ಮಾಡುವ ಹುಳುವಿಲ್ಲ, ಹೂವು ಅರಳುವುದೂ ಒಂದೇ ದಿನ. ಮನೆಮಂದಿಯೆಲ್ಲ ಬೆಳಿಗ್ಗೆ ಸಣ್ಣ ಕಡ್ಡಿ ಹಿಡಿದು ಹೂವಿನಿಂದ ಹೂವಿಗೆ ಪರಾಗ ಮಾಡುತ್ತಿದ್ದರು. ರಾತ್ರಿ ಬ್ಯಾಟರಿ ಹಿಡಿದು ಕಾವಲು. ಮಾತೆಲ್ಲ ವೆನಿಲಾದ್ದೇ. ಆ ದಿನಗಳಲ್ಲಿ ಜನರ ಮುಖದ ಮೇಲೆ ಇದ್ದ ಕಳೆ ನನಗೆ ಇವತ್ತೂ ಮರೆತಿಲ್ಲ. ನಿಜಕ್ಕೂ ಚೆಂದದ ದಿನಗಳು. ಕೋಡು ಬಲಿಯಲು ಒಂಬತ್ತು ತಿಂಗಳು ಬೇಕು, ದರ ಬೀಳಲು ಅಷ್ಟು ಬೇಕಾಗಲಿಲ್ಲ. ಒಂದೆರಡು ವರ್ಷದಲ್ಲಿ ಬಳ್ಳಿಯನ್ನು ಕೇಳುವವರಿರಲಿಲ್ಲ. ಅಷ್ಟಾದರೂ, ಆ ಉತ್ಸಾಹದಲ್ಲಿ ಕೆಲವರು ಕಲಿತ ಕೈಕೆಲಸ, ಲೆಕ್ಕ, ವ್ಯಾಪಾರಿಗಳ ಪರಿಚಯ ಆಮೇಲೆ ಕಾಳುಮೆಣಸಿಗೆ ಉಪಯೋಗಕ್ಕೆ ಬಂತು. ಹಾಗಾಗಿ ಹುರುಪು ಬಂದಾಗ ನಾನು ಕಲಿಯುತ್ತೇನೆ, ಓಡಾಡುತ್ತೇನೆ, ನಾಲ್ಕು ಜನರನ್ನು ಕೇಳುತ್ತೇನೆ. ಸಹಿ ಮಾತ್ರ ಹಾಕುವುದಿಲ್ಲ.

ಭಯದ ವಿಷಯದಲ್ಲಿ ಇಷ್ಟು ಸಲೀಸಾಗಿ ಹೇಳಲಾರೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ತೋಟ, ಮನೆ ಹೋಯಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿತ್ತು, ಜೀವ ಹೋದವು. ಇಂಥ ಕಡೆ ಇದ್ದುಕೊಂಡು "ಇದು ಬರೀ ಮಳೆಗಾಲದ ಮನಸ್ಸು, ದೀಪಾವಳಿ ಕಳೀಲಿ" ಅಂತ ಕೂತರೆ ಆಗುತ್ತದೆಯೇ? ಎಲ್ಲ ಕೆಟ್ಟ ಯೋಚನೆಯನ್ನೂ ಒಳ್ಳೆಯದಾಗಿ ತಿರುಗಿಸಿಕೊಳ್ಳಿ ಅಂತ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ನಾನು ಮಾಡುವುದು ಹೀಗೆ. ಭಯ ಬಂದರೆ ಕೊಡೆ ಹಿಡಿದು ಹೊರಗೆ ಹೋಗಿ ನೋಡುತ್ತೇನೆ. ಕಣ್ಣಿಗೆ ಏನಾದರೂ ಕಾಣುತ್ತದೆಯೇ? ಧರೆಯ ಮೇಲೆ ಹೊಸ ಬಿರುಕು, ನೆಟ್ಟಗಿದ್ದ ಮರ ವಾಲಿರುವುದು, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಗಿ ಹರಿಯುವುದು. ಕಂಡರೆ ಆ ಭಯಕ್ಕೆ ಅದೇ ದಿನ ಕೆಲಸ. ಕೊಟ್ಟಿಗೆಯ ಹಿಂದಿನ ಧರೆಯಲ್ಲಿ ಬಿರುಕು ಕಂಡ ವರ್ಷ ದನಗಳನ್ನು ಅವತ್ತೇ ಬೇರೆ ಕಡೆ ಕಟ್ಟಿದೆವು. ಮಳೆ ಬಿಟ್ಟ ಮೇಲೆ ನೀರು ಸರಿದು ಹೋಗುವಂತೆ ಮೇಲ್ಗಡೆ ಕಾಲುವೆ ತೆಗೆಸಿ, ಕೊಟ್ಟಿಗೆಯನ್ನೇ ಸ್ಥಳಾಂತರ ಮಾಡಿದೆವು. ಹೊರಗೆ ಏನೂ ಕಾಣದೆ, ಹಾಸಿಗೆಯಲ್ಲಿ ಮಲಗಿದಾಗ ಮಾತ್ರ ಬರುವ ಭಯವನ್ನು ಪುಸ್ತಕದಲ್ಲಿ ಬರೆದು ಮಲಗುತ್ತೇನೆ. ನಿದ್ದೆ ಬರುತ್ತದೆ ಅಂತೇನೂ ಇಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಾರಗಟ್ಟಲೆ ಊಟ ಸೇರದೆ, ನಿದ್ದೆ ಬಾರದೆ, ಬದುಕೇ ಬೇಡ ಅನ್ನಿಸಿದರೆ ಅದಕ್ಕೆ ಈ ಪುಸ್ತಕ ಸಾಲುವುದಿಲ್ಲ. ಡಾಕ್ಟರ್ ಬೇಕು. ಸರ್ಕಾರದ ಟೆಲಿ ಮಾನಸ್ 14416 ಎಂಬ ನಂಬರ್ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರು ಹೋದ ವರ್ಷ ನಾನೂ ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಗೊಂಡವಳೇ.

ಆಗೆಲ್ಲ ನನ್ನ ಬಾಯಲ್ಲಿ ಇದ್ದದ್ದು ಒಂದೇ: ವ್ಯವಹಾರ ನನಗೆ ಬರುವುದಿಲ್ಲ. ಅದು ನನ್ನ ಗುಣ, ಬದಲಾಗುವಂಥದ್ದಲ್ಲ ಅಂತಲೇ ನಂಬಿದ್ದೆ. ಈಗ ಶಿರಸಿಗೆ ಒಬ್ಬಳೇ ಅಡಿಕೆ ಒಯ್ಯುತ್ತೇನೆ. ಟೆಂಡರ್ ದರ ಕೇಳಿ, ಬೇಕೆಂದರೆ ಕೊಡುತ್ತೇನೆ, ಬೇಡವೆಂದರೆ ಇನ್ನೊಂದು ವಾರ ನಿಲ್ಲಿಸುತ್ತೇನೆ. ಧೈರ್ಯ ಬಂದ ಮೇಲೆ ಹೋಗತೊಡಗಿದ್ದಲ್ಲ. ಮೊದಮೊದಲು ವಖಾರಿಯಲ್ಲಿ ಗಂಡಸರ ನಡುವೆ ಕೂತಾಗ ಕೈ ನಡುಗುತ್ತಿತ್ತು, ಹೋಗುತ್ತಾ ಹೋಗುತ್ತಾ ನಿಂತಿತು. 2013ರಲ್ಲಿ ಜೋರ್ಡಿ ಕ್ವಾಯ್ಡ್‌ಬಾಕ್, ಡೇನಿಯಲ್ ಗಿಲ್ಬರ್ಟ್, ತಿಮೋತಿ ವಿಲ್ಸನ್ ಎಂಬ ಮೂವರು 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರಿಂದ ಉತ್ತರ ಪಡೆದು ಒಂದು ವಿಷಯ ತೋರಿಸಿದರು. ಹಿಂದಿನ ಹತ್ತು ವರ್ಷದಲ್ಲಿ ಬಹಳ ಬದಲಾಗಿದ್ದೇವೆ ಅಂತ ಎಲ್ಲ ವಯಸ್ಸಿನವರೂ ಒಪ್ಪುತ್ತಾರೆ. ಮುಂದಿನ ಹತ್ತು ವರ್ಷದಲ್ಲಿ ಅಷ್ಟು ಬದಲಾಗುವುದಿಲ್ಲ ಅಂತಲೂ ಎಲ್ಲರೂ ಅಂದುಕೊಳ್ಳುತ್ತಾರೆ. ಅರವತ್ತು ದಾಟಿದವರೂ ಅಷ್ಟೇ ಎಂಬುದನ್ನು ಕೇಳಿ ಮಾವನವರು ಜೋರಾಗಿ ನಕ್ಕರು.

ಮಗನ ಮಾತನ್ನೂ ಈಗ ಇದೇ ಕಣ್ಣಿನಿಂದ ನೋಡುತ್ತೇನೆ. "ಆಯಿ, ನಾ ಊರಿಗೆ ಬತ್ನಿಲ್ಲೆ" ಅಂತ ಅವನು ಖಡಾಖಂಡಿತ ಹೇಳಿದ್ದಾನೆ. ಅದನ್ನು ನಂಬಿ ತೋಟ ಮಾರುವುದಿಲ್ಲ. ನಾಳೆ ಕೆಲಸದಲ್ಲಿ ಬೇಸರವಾಗಿ "ಬಂದುಬಿಡ್ತೆ" ಅಂದರೆ ಅದನ್ನು ನಂಬಿ ಮನೆಗೆ ಮಹಡಿಯನ್ನೂ ಎತ್ತಿಸುವುದಿಲ್ಲ. ಅವನಿಗೂ ಆಷಾಢ, ಮಾಘ ಇರುತ್ತವಲ್ಲ, ಬೆಂಗಳೂರಿನಲ್ಲಿ ಅವು ಯಾವ ತಿಂಗಳು ಬರುತ್ತವೋ.

ಈ ವರ್ಷದ ಪ್ರಶ್ನೆ ಕೆಳಗಿನ ತುಂಡು ತೋಟದ್ದು. ಎಲೆಚುಕ್ಕಿ ರೋಗ ಹತ್ತಿ ಹಳೇ ಮರಗಳು ಸೊರಗಿವೆ. ಆಷಾಢದ ಸಾಲು: "ಕಡಿಸಿ ಸುಮ್ನೆ ಬಿಡೋಣ." ಮಾಘದ ಸಾಲು: "ಪೂರ್ತಿ ಹೊಸ ಸಸಿ." ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷವಾದರೂ ಬೇಕು. ಅಷ್ಟು ಹೊತ್ತಿಗೆ ನಾನು ಹೇಗಿರುತ್ತೇನೋ. ಎರಡೂ ಪುಟ ಓದಿದ ಮೇಲೆ ಹೊಳೆದದ್ದು, ತೀರಾ ಹಾಳಾದ ಮರ ಮಾತ್ರ ತೆಗೆಸಿ, ಆ ಜಾಗದಲ್ಲಿ ಅರ್ಧ ಅಡಿಕೆ, ಅರ್ಧ ಜಾಯಿಕಾಯಿ ಹಾಕುವುದು. ನರ್ಸರಿಯಲ್ಲಿ ಹೆಸರು ಬರೆಸಿ ಬಂದಿದ್ದೇನೆ. ಮುಂಗಡ ಮಾತ್ರ ಇನ್ನೂ ಕೊಟ್ಟಿಲ್ಲ.