ಸ್ಟಾಕ್‌ಹೋಮ್‌ಗೆ ಬರುವ ಕನ್ನಡಿಗರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಸ್ಟಾಕ್‌ಹೋಮ್‌ಗೆ ಬಂದಿಳಿಯುವ ಮುಂಚೆ ಎಲ್ಲರೂ ಕೇಳುವುದು ಚಳಿಯ ಬಗ್ಗೆ. ಆದರೆ ಹೊಸಬರನ್ನು ಮೊದಲ ಮೂರು ತಿಂಗಳು ಕಂಗೆಡಿಸುವುದು ಕಾಗದಪತ್ರದ ಸರದಿ. ನಿವಾಸ ಪರವಾನಗಿ, ಜನಸಂಖ್ಯಾ ನೋಂದಣಿ, ಗುರುತಿನ ಚೀಟಿ, ಬ್ಯಾಂಕ್ ಖಾತೆ, ಮೊಬೈಲಿನಲ್ಲಿ ಗುರುತು ತೋರಿಸುವ ಬ್ಯಾಂಕ್‌ಐಡಿ: ಇವು ಇದೇ ಕ್ರಮದಲ್ಲಿ ಬರಬೇಕು. ಮೊದಲನೆಯದು ತಡವಾದರೆ ಕೊನೆಯದೂ ತಡ. ಆದ್ದರಿಂದ ತಯಾರಿ ಊರಿನಲ್ಲೇ ಶುರುವಾಗಬೇಕು.

ಊರು ಬಿಡುವ ಮುಂಚೆ

ಪಾಸ್‌ಪೋರ್ಟ್‌ನ ಅವಧಿ ಎಷ್ಟು ಉಳಿದಿದೆ ಎಂದು ಮನೆಯವರೆಲ್ಲರದ್ದನ್ನೂ ನೋಡಿ. ಸ್ವೀಡನ್ನಿನ ವಲಸೆ ಇಲಾಖೆ ಪಾಸ್‌ಪೋರ್ಟ್‌ನ ಅವಧಿ ಮೀರಿ ಪರವಾನಗಿ ಕೊಡುವುದಿಲ್ಲ. ಇಲ್ಲಿನ ಗುರುತು ಸಂಖ್ಯೆಯಾದ ಪರ್ಸನ್‌ನುಮ್ಮರ್ ಸಿಗುವುದು ಕನಿಷ್ಠ ಒಂದು ವರ್ಷ ಇರುವವರಿಗೆ ಮಾತ್ರ. ಮಗುವಿನ ಪಾಸ್‌ಪೋರ್ಟ್ ಹತ್ತು ತಿಂಗಳಿಗೆ ಮುಗಿಯುತ್ತದೆ ಅಂದುಕೊಳ್ಳಿ; ಅದರ ಪರವಾನಗಿಯೂ ಹತ್ತೇ ತಿಂಗಳು, ಪರ್ಸನ್‌ನುಮ್ಮರ್ ಸಿಗದೆ ಹೋಗಬಹುದು. ಅಪ್ಪ ಅಮ್ಮನಿಗೆ ಸಂಖ್ಯೆ ಬಂದು ಮಗುವಿಗೆ ಬರದಿದ್ದರೆ ಶಿಶುವಿಹಾರ, ಮಕ್ಕಳ ಭತ್ಯೆ ಎರಡಕ್ಕೂ ತೊಡಕಾಗಬಹುದು. ಪರವಾನಗಿಗೆ ಅರ್ಜಿ ಹಾಕುವ ಮುಂಚೆಯೇ ಪಾಸ್‌ಪೋರ್ಟ್ ನವೀಕರಿಸಿಕೊಳ್ಳಿ.

ಮದುವೆಯ ಪ್ರಮಾಣಪತ್ರ ಉಪನೋಂದಣಾಧಿಕಾರಿ ಕಚೇರಿಯದ್ದೇ ಆಗಿರಬೇಕು. ಲಗ್ನಪತ್ರಿಕೆ, ಕಲ್ಯಾಣಮಂಟಪದ ರಸೀದಿ, ದೇವಸ್ಥಾನದ ಪತ್ರ ಇಲ್ಲಿ ನಡೆಯುವುದಿಲ್ಲ. ಮದುವೆಯ ಪತ್ರಕ್ಕೂ ಮಕ್ಕಳ ಜನನ ಪ್ರಮಾಣಪತ್ರಕ್ಕೂ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಪತ್ರ ವಿದೇಶದಲ್ಲೂ ನಡೆಯುವಂತೆ ಹಾಕುವ ಮುದ್ರೆ, ಮಾಡಿಸಿ. ಇಲ್ಲಿಗೆ ಬಂದಮೇಲೆ ಇದನ್ನು ಮಾಡಿಸಬೇಕೆಂದರೆ ಮೂಲ ಪತ್ರವನ್ನು ಊರಿಗೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕು.

ಇನ್ನು ಹೆಸರು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದಿರುತ್ತದೆ, ಇನ್ನೊಂದು ಕಡೆ ಅಕ್ಷರ ಮಾತ್ರ ಇರುತ್ತದೆ. ಊರಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುತ್ತದೆ, ಮಗುವಿನ ಜನನ ಪತ್ರದಲ್ಲಿ ಇರುವುದಿಲ್ಲ. ಗಂಡ ಹೆಂಡತಿಯ ಕೊನೆಯ ಹೆಸರು ಬೇರೆ ಬೇರೆ ಇದ್ದರೆ ಇಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಒಬ್ಬರದೇ ಹೆಸರು ಎರಡು ಪತ್ರದಲ್ಲಿ ಎರಡು ಬಗೆಯಾಗಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಉಳಿದವನ್ನೂ ತಿದ್ದಿಸಿಕೊಂಡು ಬನ್ನಿ.

ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಸಾರಿನಪುಡಿ, ಉಪ್ಪಿನಕಾಯಿ ಧಾರಾಳವಾಗಿ ತರಬಹುದು. ತುಪ್ಪ, ಖೋವಾ, ಪನೀರ್, ಮಾಂಸದ ಪದಾರ್ಥ ತರುವಂತಿಲ್ಲ. ಯುರೋಪ್ ಒಕ್ಕೂಟದ ಹೊರಗಿನಿಂದ ಬರುವ ಹಾಲು ಮತ್ತು ಮಾಂಸದ ಉತ್ಪನ್ನಗಳಿಗೆ ನಿಷೇಧವಿದೆ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಆದ್ದರಿಂದ ಅವನ್ನೂ ಬಿಟ್ಟುಬಿಡಿ. ತೆಂಗಿನಕಾಯಿಗೆ ಆ ತೊಂದರೆ ಇಲ್ಲ.

ಬಂದಿಳಿದ ಮೇಲೆ

ಅರ್ಲಾಂಡಾ ವಿಮಾನ ನಿಲ್ದಾಣ ನಗರದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್. ಅರ್ಲಾಂಡಾ ಎಕ್ಸ್‌ಪ್ರೆಸ್ ರೈಲು 20 ನಿಮಿಷದೊಳಗೆ ಸೆಂಟ್ರಲ್ ನಿಲ್ದಾಣ ಮುಟ್ಟಿಸುತ್ತದೆ, ಟಿಕೆಟ್ ದುಬಾರಿ. ಪೆಂಡೆಲ್‌ತೋಗ್ ಎಂಬ ಲೋಕಲ್ ರೈಲಿಗೆ ವಿಮಾನ ನಿಲ್ದಾಣದಲ್ಲಿ ಹತ್ತುವಾಗ ಪ್ರತ್ಯೇಕ ಶುಲ್ಕ ಸೇರುತ್ತದೆ. ಅಗ್ಗದ ದಾರಿ ಎಂದರೆ 583ನೇ ನಂಬರಿನ ಬಸ್ಸಿನಲ್ಲಿ ಮಾರ್ಶ್ಟಾಗೆ ಹೋಗಿ, ಅಲ್ಲಿಂದ ಪೆಂಡೆಲ್‌ತೋಗ್ ಹಿಡಿಯುವುದು. ನಗರ ಸಾರಿಗೆ ಸಂಸ್ಥೆ ಎಸ್‌ಎಲ್‌ನ ಸಾಮಾನ್ಯ ಟಿಕೆಟ್ ಸಾಕು. ಆ ಟಿಕೆಟ್ 75 ನಿಮಿಷ ನಡೆಯುತ್ತದೆ. ಅಷ್ಟರಲ್ಲಿ ಬಸ್ಸು, ಮೆಟ್ರೊ, ರೈಲು ಎಷ್ಟು ಸಲ ಬದಲಾಯಿಸಿದರೂ ಸರಿ. ಆದರೂ ನಾಲ್ಕು ಪೆಟ್ಟಿಗೆ, ಎರಡು ಮಕ್ಕಳ ಜೊತೆಗೆ ಜನವರಿಯಲ್ಲಿ ಇಳಿಯುವವರು ಈ ಉಳಿತಾಯಕ್ಕೆ ಹೋಗದಿರುವುದೇ ಒಳ್ಳೆಯದು. ನಿಗದಿತ ದರದ ಟ್ಯಾಕ್ಸಿ ಹಿಡಿಯಿರಿ, ಹತ್ತುವ ಮುಂಚೆ ದರ ಕೇಳಿ. ಸ್ವೀಡನ್ನಿನಲ್ಲಿ ಟ್ಯಾಕ್ಸಿ ದರಕ್ಕೆ ಸರ್ಕಾರದ ನಿಯಂತ್ರಣವಿಲ್ಲ. ಕಂಪನಿಯಿಂದ ಕಂಪನಿಗೆ ಬಹಳ ವ್ಯತ್ಯಾಸವಿರುತ್ತದೆ.

ಮೊದಲ ವಾರವೇ ತೆರಿಗೆ ಇಲಾಖೆ ಸ್ಕಾಟೆವೆರ್ಕೆಟ್‌ಗೆ ಹೋಗಿ. ಇಲ್ಲಿ ಜನಸಂಖ್ಯಾ ನೋಂದಣಿ ಆ ಇಲಾಖೆಯ ಕೆಲಸ. ಅರ್ಜಿಯನ್ನು ಅದರ ಜಾಲತಾಣದಲ್ಲಿ ಮೊದಲೇ ತುಂಬಿಟ್ಟು, ಮಕ್ಕಳೂ ಸೇರಿ ಮನೆಮಂದಿಯೆಲ್ಲ ಖುದ್ದಾಗಿ ಹಾಜರಾಗಬೇಕು. ಪಾಸ್‌ಪೋರ್ಟ್, ಪರವಾನಗಿ ಕಾರ್ಡ್, ಮದುವೆಯ ಪತ್ರ, ಜನನ ಪತ್ರಗಳ ಮೂಲ, ಬಾಡಿಗೆ ಕರಾರು ಕೈಯಲ್ಲಿರಲಿ. ಪರ್ಸನ್‌ನುಮ್ಮರ್ ಅಂಚೆಯಲ್ಲಿ ಮನೆಗೆ ಬರುತ್ತದೆ, ಕೆಲವು ವಾರ ಹಿಡಿಯುತ್ತದೆ. ಹುಟ್ಟಿದ ವರ್ಷ, ತಿಂಗಳು, ದಿನ, ಆಮೇಲೆ ನಾಲ್ಕು ಅಂಕಿ. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಆಸ್ಪತ್ರೆಯಿಂದ ಗ್ರಂಥಾಲಯದವರೆಗೆ ಎಲ್ಲೆಡೆ ಕೇಳುತ್ತಾರೆ.

ಈ ಪತ್ರ ಕೈಗೆ ಸೇರದೆ ಹೋಗುವುದಕ್ಕೆ ಬಹುತೇಕ ಒಂದೇ ಕಾರಣ: ಬಾಗಿಲ ಮೇಲೆ ನಿಮ್ಮ ಹೆಸರಿಲ್ಲದಿರುವುದು. ಅಪಾರ್ಟ್‌ಮೆಂಟಿನ ಪ್ರತಿ ಬಾಗಿಲಲ್ಲಿ ಅಂಚೆ ಹಾಕುವ ಸೀಳು ಇರುತ್ತದೆ, ಮೇಲೆ ಹೆಸರು. ಹೆಸರು ಹೊಂದದಿದ್ದರೆ ಪತ್ರ ವಾಪಸ್. ಮನೆಯ ಮಾಲೀಕರ ಒಪ್ಪಿಗೆ ಪಡೆದು ಮೊದಲ ದಿನವೇ ಒಂದು ಚೀಟಿ ಅಂಟಿಸಿ. ವಿಳಾಸ ಬರೆಯುವಾಗ ಮಾಲೀಕರ ಹೆಸರನ್ನೂ ಸೇರಿಸಿ, ಅದಕ್ಕೆ ಮೊದಲು ಸಿ/ಓ (ಇವರ ಮೂಲಕ) ಎಂದು ಬರೆಯಿರಿ.

ಸಂಖ್ಯೆ ಬಂದ ಕೂಡಲೇ ಅದೇ ಇಲಾಖೆಯಲ್ಲಿ ಗುರುತಿನ ಚೀಟಿಗೆ ಶುಲ್ಕ ಕಟ್ಟಿ ಸಮಯ ಕಾಯ್ದಿರಿಸಿ. ಹದಿಮೂರು ತುಂಬಿದವರಿಗೆಲ್ಲ ಇದು ಸಿಗುತ್ತದೆ. ಫೋಟೊ ಅಲ್ಲೇ ತೆಗೆಯುತ್ತಾರೆ. ಚೀಟಿ ಬಂದಮೇಲೆ ಬ್ಯಾಂಕ್. ಪಾಸ್‌ಪೋರ್ಟ್ ತೋರಿಸಿಯೂ ಖಾತೆ ತೆರೆಯಬಹುದು, ಆದರೆ ಬ್ಯಾಂಕ್‌ಐಡಿಗೆ ಬಹುತೇಕ ಬ್ಯಾಂಕುಗಳು ಸ್ವೀಡಿಷ್ ಗುರುತಿನ ಚೀಟಿಯನ್ನೇ ಕೇಳುತ್ತವೆ. ಸಂಬಳದ ಪತ್ರ ಅಥವಾ ಕೆಲಸದ ಕರಾರು ಒಯ್ಯಿರಿ, ಹಣದ ಮೂಲದ ಬಗ್ಗೆ ಪ್ರಶ್ನೆ ಕೇಳಿದರೆ ಗಾಬರಿಯಾಗಬೇಡಿ. ಕಾನೂನು ಅವರಿಂದ ಅದನ್ನು ಕೇಳಿಸುತ್ತದೆ. ಒಂದು ಶಾಖೆ ನಿರಾಕರಿಸಿದರೆ, ಮೂಲಭೂತ ಪಾವತಿ ಖಾತೆ ಪಡೆಯುವ ಹಕ್ಕು ಯುರೋಪ್ ಒಕ್ಕೂಟದ ನಿಯಮದಲ್ಲಿದೆ ಎಂದು ನೆನಪಿಸಿ, ನಿರಾಕರಣೆಯ ಕಾರಣವನ್ನು ಬರೆದುಕೊಡುವಂತೆ ಕೇಳಿ.

ಬ್ಯಾಂಕ್‌ಐಡಿ ಎಂದರೆ ಮೊಬೈಲಿನಲ್ಲಿರುವ ನಿಮ್ಮ ಸಹಿ. ಶಾಲೆಯ ಅರ್ಜಿ, ವೈದ್ಯರ ಅಪಾಯಿಂಟ್‌ಮೆಂಟ್, ತೆರಿಗೆ, ವಿದ್ಯುತ್ ಕರಾರು ಎಲ್ಲವೂ ಇದರಿಂದ. ಇದರ ಮೇಲೆ ನಿಂತಿರುವುದೇ ನಮ್ಮ ಯುಪಿಐನಂತೆ ಕೆಲಸ ಮಾಡುವ ಸ್ವಿಶ್. ಹಾಗಾಗಿ ಯಾರಾದರೂ ಫೋನ್ ಮಾಡಿ "ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ಬ್ಯಾಂಕ್‌ಐಡಿ ತೆರೆಯಿರಿ" ಎಂದರೆ ಅದು ಮೋಸ. ಫೋನ್ ಇಟ್ಟುಬಿಡಿ. ಇದೆಲ್ಲ ಕೈಗೂಡುವವರೆಗೆ ಎರಡು ತಿಂಗಳ ಖರ್ಚಿಗಾಗುವಷ್ಟು ಹಣ ಭಾರತದ ಅಂತರರಾಷ್ಟ್ರೀಯ ಕಾರ್ಡಿನಲ್ಲಿರಲಿ. ನೋಟನ್ನು ಅನೇಕ ಅಂಗಡಿಗಳು ಮುಟ್ಟುವುದೇ ಇಲ್ಲ.

ಕೆಲಸದ ಪರವಾನಗಿಯಲ್ಲಿರುವವರು ಸಂಬಳದ ಚೀಟಿಗಳನ್ನೂ ವಿಮೆಯ ಪತ್ರಗಳನ್ನೂ ಮೊದಲ ತಿಂಗಳಿನಿಂದಲೇ ಎತ್ತಿಡಿ. ಆರೋಗ್ಯ, ಜೀವ, ಕೆಲಸದ ಅಪಘಾತ, ಪಿಂಚಣಿ, ಈ ನಾಲ್ಕು ವಿಮೆಗಳನ್ನು ಕಂಪನಿ ಯಾವ ದಿನಾಂಕದಿಂದ ಮಾಡಿಸಿದೆ ಎಂದು ಬರವಣಿಗೆಯಲ್ಲಿ ಕೇಳಿ. ಕಂಪನಿಯ ಸಣ್ಣ ಲೋಪದಿಂದ ನವೀಕರಣದ ಹೊತ್ತಿಗೆ ನೌಕರರು ದೇಶ ಬಿಡಬೇಕಾದ ಪ್ರಕರಣಗಳು ಇಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿವೆ.

ಮನೆ

ಮೆಲಾರೆನ್ ಸರೋವರ ಬಾಲ್ಟಿಕ್ ಸಮುದ್ರಕ್ಕೆ ಸೇರುವಲ್ಲಿ, 14 ದ್ವೀಪಗಳ ಮೇಲೆ ಹರಡಿರುವ ನಗರ ಇದು. ಜಾಗ ಕಡಿಮೆ, ಬೇಡಿಕೆ ಹೆಚ್ಚು. ನೇರ ಬಾಡಿಗೆಯ ಮನೆಗಳಲ್ಲಿ ಬಹಳಷ್ಟನ್ನು ನಗರಸಭೆಯ ವಸತಿ ಹಂಚಿಕೆ ಸಂಸ್ಥೆ ಬೂಸ್ತಾಡ್ಸ್‌ಫರ್ಮೆಡ್ಲಿಂಗೆನ್ ಸರದಿಯ ಪ್ರಕಾರ ಹಂಚುತ್ತದೆ, ಕಾಯುವುದು ವರ್ಷಗಟ್ಟಲೆ. ಆದರೂ ಸೇರಿಕೊಳ್ಳಿ. ವರ್ಷದ ಶುಲ್ಕ ಚಿಕ್ಕದು, ಸರದಿಯಲ್ಲಿ ಕಾದ ದಿನಗಳು ಕೂಡುತ್ತಾ ಹೋಗುತ್ತವೆ, ಕೆಲವು ವರ್ಷ ಕಳೆದಮೇಲೆ ಹೊರವಲಯದಲ್ಲಾದರೂ ಅದಕ್ಕೆ ಬೆಲೆ ಬರುತ್ತದೆ.

ಅಲ್ಲಿಯವರೆಗೆ ಆಂದ್ರಾಹಾಂಡ್, ಅಂದರೆ ಮನೆ ಹೊಂದಿದವರಿಂದ ಎರಡನೇ ಕೈ ಬಾಡಿಗೆ. ಮೂರು ವಿಷಯ ಪಟ್ಟಾಗಿ ಕೇಳಿ: ಹೌಸಿಂಗ್ ಸೊಸೈಟಿ ಅಥವಾ ಮೂಲ ಮಾಲೀಕರ ಲಿಖಿತ ಅನುಮತಿ ಇದೆಯೇ, ಆ ವಿಳಾಸದಲ್ಲಿ ನೋಂದಣಿ ಮಾಡಿಕೊಳ್ಳಬಹುದೇ, ಕರಾರು ಎಷ್ಟು ತಿಂಗಳಿಗೆ. "ಬಾಡಿಗೆ ಕಡಿಮೆ ಮಾಡ್ತೀನಿ, ನೋಂದಣಿ ಬೇಡ" ಎನ್ನುವ ಮನೆಗೆ ಹೋಗಲೇಬೇಡಿ. ವಾಸವಿರುವ ವಿಳಾಸವನ್ನೇ ನೋಂದಾಯಿಸುವುದು ಕಾನೂನು, ಅದು ತಪ್ಪಿದರೆ ಮೇಲೆ ಹೇಳಿದ ಸರಪಳಿ ಪೂರ್ತಿ ಕಳಚುತ್ತದೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ, ಒಂದರಿಂದ ಮೂರು ತಿಂಗಳದ್ದು ಕೇಳುತ್ತಾರೆ. ಮನೆ ಕಣ್ಣಾರೆ ನೋಡದೆ, ಕರಾರಿಗೆ ಸಹಿಯಾಗದೆ ಒಂದು ಕ್ರೋನಾವನ್ನೂ ಕಳಿಸಬೇಡಿ. ನಗರದ ನಡುವೆಯೇ ಇರಬೇಕೆಂಬ ಹಟವೂ ಬೇಡ. ಐಟಿ ಕಂಪನಿಗಳಿರುವ ಶಿಸ್ತಾ, ಪಕ್ಕದ ಸೊಲೆನ್‌ತೂನಾ, ಸುಂಡ್‌ಬಿಬರಿ ಇಲ್ಲೆಲ್ಲ ರೈಲು ಚೆನ್ನಾಗಿದೆ. ಆದರೆ ಸೊಲೆನ್‌ತೂನಾ, ಸುಂಡ್‌ಬಿಬರಿ ಬೇರೆ ಪುರಸಭೆಗಳು, ಶಾಲೆಯ ಅರ್ಜಿ ಅಲ್ಲಿಗೇ ಹಾಕಬೇಕು.

ಅಡುಗೆಮನೆ

ವಿದ್ಯುತ್ 230 ವೋಲ್ಟ್, 50 ಹರ್ಟ್ಸ್, ಊರಿನದ್ದೇ. ಮಿಕ್ಸಿ, ಗ್ರೈಂಡರ್ ಸರಾಗವಾಗಿ ತಿರುಗುತ್ತವೆ. ಪ್ಲಗ್ ಮಾತ್ರ ಹೊಂದುವುದಿಲ್ಲ. ಭೂಸಂಪರ್ಕ ಇರುವ ಅಡಾಪ್ಟರ್ ತನ್ನಿ, ಎರಡೇ ಕಡ್ಡಿಯ ಅಗ್ಗದ ಅಡಾಪ್ಟರ್‌ಗೆ ಗ್ರೈಂಡರ್ ಸಿಕ್ಕಿಸಬೇಡಿ. ಅನಿಲದ ಒಲೆ ಅಪರೂಪ. ಇಂಡಕ್ಷನ್ ಇದ್ದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಅದು ಕಾಯುತ್ತದೆ. ಕಬ್ಬಿಣದ ಕಾವಲಿ ನಡೆಯುತ್ತದೆ. ಒಗ್ಗರಣೆ ಹಾಕುವಾಗ ಹೊಗೆಯ ಅಲಾರಂ ಕೂಗುತ್ತದೆಂದು ಅದರ ಬ್ಯಾಟರಿ ತೆಗೆದಿಡುವವರಿದ್ದಾರೆ, ಮರದ ನೆಲದ ಮನೆಯಲ್ಲಿ ಅದು ಅಪಾಯ. ಒಲೆಯ ಮೇಲಿನ ಫ್ಯಾನ್ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ.

ಮನೆಯೊಳಗೆ 20, 21 ಡಿಗ್ರಿ ಇರುತ್ತದೆ, ದೋಸೆ ಹಿಟ್ಟು ಒಂದು ರಾತ್ರಿಗೆ ಹುದುಗದು. ಬೆಚ್ಚಗಿನ ನೀರಿನಲ್ಲಿ ರುಬ್ಬಿ, ಓವನ್ ಉರಿಸದೆ ಒಳಗಿನ ದೀಪ ಮಾತ್ರ ಹಾಕಿ 16ರಿಂದ 24 ಗಂಟೆ ಇಡಿ, ಪಾತ್ರೆಯ ಅಡಿ ತಟ್ಟೆಯಿರಲಿ. ಮೊಸರಿಗೆ ಕೆಂಪು ಪೊಟ್ಟಣದ 3 ಶೇಕಡಾ ಕೊಬ್ಬಿನ ಹಾಲು ತನ್ನಿ. ಹಸಿರು ಪೊಟ್ಟಣದ 1.5 ಶೇಕಡಾ ಹಾಲಿನಿಂದ ತೆಳ್ಳಗಾಗುತ್ತದೆ. ಹಾಲಿನ ಪಕ್ಕದಲ್ಲೇ ಅಂಥದೇ ಪೊಟ್ಟಣದಲ್ಲಿರುವ ಫೀಲ್‌ಮ್ಯೋಲ್ಕ್ ಹುಳಿ ಹಾಲು. ಕಾಫಿಗೆ ಹಾಕಿದರೆ ಒಡೆಯುತ್ತದೆ, ಮಜ್ಜಿಗೆಗೆ ಸೊಗಸು. ಉಪ್ಪಿಟ್ಟಿಗೆ, ಕೇಸರಿಬಾತಿಗೆ ಯಾವ ಅಂಗಡಿಯಲ್ಲಾದರೂ ಸಿಗುವ ಮನ್ನಾಗ್ರೀನ್ ಎಂಬ ರವೆ ಆಗುತ್ತದೆ, ಚಿರೋಟಿಯಷ್ಟು ನುಣುಪು, ನೀರು ಸ್ವಲ್ಪ ಕಡಿಮೆ ಹಾಕಿ. ರಾಗಿಹಿಟ್ಟು, ತೊಗರಿಬೇಳೆ, ಹೆಪ್ಪುಗಟ್ಟಿಸಿದ ತೆಂಗಿನತುರಿ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ.

ಕತ್ತಲು, ಜಾರಿಕೆ, ಕಾಯಿಲೆ

ಸ್ಟಾಕ್‌ಹೋಮ್ 59 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಬೆಳಿಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ ಸೂರ್ಯ ಹುಟ್ಟಿ ಮಧ್ಯಾಹ್ನ ಮೂರಕ್ಕೆ ಮುಳುಗಿರುತ್ತಾನೆ. ಜೂನ್‌ನಲ್ಲಿ ಮೂರೂವರೆಗೆ ಹುಟ್ಟಿ ರಾತ್ರಿ ಹತ್ತು ಗಂಟೆಯವರೆಗೂ ಇರುತ್ತಾನೆ. ಚಳಿಗಿಂತ ಈ ಕತ್ತಲು ಮನಸ್ಸಿಗೆ ಭಾರ. ನವೆಂಬರ್ ಬಂತೆಂದರೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೊರಗೆ ನಡೆಯಲೇಬೇಕು. ನಮ್ಮ ಮೈಬಣ್ಣದವರಿಗೆ ಇಲ್ಲಿನ ಚಳಿಗಾಲದ ಬಿಸಿಲಿನಲ್ಲಿ ಡಿ ಜೀವಸತ್ವ ಸಾಲದು. ಚಿಕ್ಕ ಮಕ್ಕಳಿಗೆ ಎರಡು ವರ್ಷದವರೆಗೆ ದಿನಾ ಡಿ ಹನಿ ಹಾಕಲು ಹೇಳುತ್ತಾರೆ, ಆಮೇಲೂ ಮುಂದುವರಿಸಬೇಕೇ ಎಂದು ಮಕ್ಕಳ ಆರೋಗ್ಯ ಕೇಂದ್ರ ಬಿವಿಸಿಯ ದಾದಿಯನ್ನು ಕೇಳಿ. ಮೀನು ತಿನ್ನದ ದೊಡ್ಡವರೂ ಕೇಳಿ ತಿಳಿದುಕೊಳ್ಳಿ.

ದಪ್ಪ ಜಾಕೆಟ್ ಒಂದನ್ನು ಊರಿನಿಂದ ಹೊತ್ತು ತರುವ ಬದಲು ಇಲ್ಲಿ ಪದರ ಪದರವಾಗಿ ಕೊಳ್ಳಿ: ಮೈಗೆ ತಾಗುವಂತೆ ಉಣ್ಣೆ, ಮೇಲೆ ಫ್ಲೀಸ್, ಹೊರಗೆ ಗಾಳಿ ನೀರು ತಡೆಯುವುದು. ಮೈಗೆ ಹತ್ತಿ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಹಿಮಕ್ಕಿಂತ ಕೆಟ್ಟದ್ದು ಕರಗಿ ಮತ್ತೆ ಗಟ್ಟಿಯಾದ ಮಂಜುಗಡ್ಡೆ. ಊರಿನಿಂದ ಬಂದ ಅಪ್ಪ ಅಮ್ಮ ಮಣಿಕಟ್ಟು ಮುರಿದುಕೊಳ್ಳುವುದು ಅದರ ಮೇಲೆ. ಬೂಟಿಗೆ ಸಿಕ್ಕಿಸುವ ಮುಳ್ಳುಪಟ್ಟಿ ಬ್ರೋಡ್ಡಾರ್ ಕೊಡಿಸಿ, ಕೋಟಿಗೆ ಬೆಳಕು ಹೊಳೆಯಿಸುವ ರಿಫ್ಲೆಕ್ಸ್ ತೂಗುಹಾಕಿ.

ಕಾಯಿಲೆಗೆ ಮೊದಲು ಆರೋಗ್ಯ ಸಲಹೆಯ ದೂರವಾಣಿ 1177ಕ್ಕೆ ಕರೆ, ಪ್ರಾಣಾಪಾಯಕ್ಕೆ 112. ಸಾಮಾನ್ಯ ಜ್ವರಕ್ಕೆ ಬಡಾವಣೆಯ ಆರೋಗ್ಯ ಕೇಂದ್ರ ವೊರ್ಡ್‌ಸೆಂಟ್ರಾಲ್‌ನಲ್ಲಿ ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್ ಎನ್ನುತ್ತಾರೆ. ಆಂಟಿಬಯಾಟಿಕ್ ಸುಲಭಕ್ಕೆ ಕೊಡುವುದಿಲ್ಲ, ಅದು ನಿರ್ಲಕ್ಷ್ಯವಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಔಷಧದ ಮೂಲ ಹೆಸರು ಬರೆದ ಚೀಟಿ ತನ್ನಿ, ಬ್ರ್ಯಾಂಡ್ ಹೆಸರು ಇಲ್ಲಿ ಗೊತ್ತಾಗದು.

ಭಾರತದ ಚಾಲನಾ ಪರವಾನಗಿ ನೋಂದಣಿಯಾದ ದಿನದಿಂದ ಒಂದು ವರ್ಷ ನಡೆಯುತ್ತದೆ, ಬದಲಾಯಿಸಿಕೊಡುವುದಿಲ್ಲ. ಜಾರುವ ರಸ್ತೆಯ ತರಬೇತಿ, ಬರವಣಿಗೆ, ಚಾಲನೆ ಎಲ್ಲ ಹೊಸದಾಗಿ ಪಾಸಾಗಬೇಕು. ವರ್ಷ ಮುಗಿಯುವ ಮುಂಚೆ ಶುರುಮಾಡಿ.

ಮಕ್ಕಳು ಮತ್ತು ಕನ್ನಡ

ಶಿಶುವಿಹಾರ ಒಂದು ವರ್ಷದಿಂದ. ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ಪುರಸಭೆ ಜಾಗ ಕೊಡಬೇಕು. ಶಾಲೆಯೂ ಮಧ್ಯಾಹ್ನದ ಊಟವೂ ಉಚಿತ. ಸಸ್ಯಾಹಾರವೆಂದು ಲಿಖಿತವಾಗಿ ತಿಳಿಸಿ, ಮೊಟ್ಟೆ ಮೀನು ಎರಡೂ ಬೇಡವೆಂದು ಪ್ರತ್ಯೇಕವಾಗಿ ಬರೆಯಿರಿ. ಇಲ್ಲಿ ಮೀನು ತಿನ್ನುವವರೂ ಸಸ್ಯಾಹಾರಿಗಳೆಂದು ಹೇಳಿಕೊಳ್ಳುವುದುಂಟು.

ನಮ್ಮವರು ಕೈಬಿಡುತ್ತಿರುವ ದೊಡ್ಡ ಸೌಲಭ್ಯ ಮಾತೃಭಾಷಾ ಬೋಧನೆ. ಸ್ವೀಡನ್ನಿನ ಶಾಲಾ ನಿಯಮದ ಪ್ರಕಾರ ಮನೆಯಲ್ಲಿ ತಂದೆ ಅಥವಾ ತಾಯಿಯೊಂದಿಗೆ ದಿನನಿತ್ಯ ಒಂದು ಭಾಷೆ ಮಾತಾಡುವ, ಅದರಲ್ಲಿ ಮೂಲಜ್ಞಾನವಿರುವ ಮಗು ಆ ಭಾಷೆಯನ್ನು ಶಾಲೆಯ ವಿಷಯವಾಗಿ ಕಲಿಯಬಹುದು. ಷರತ್ತು ಎರಡು: ಕನಿಷ್ಠ ಐದು ಮಕ್ಕಳು ಕೇಳಬೇಕು, ತಕ್ಕ ಶಿಕ್ಷಕರು ಸಿಗಬೇಕು. ಐದರ ಎಣಿಕೆ ಒಂದೇ ಶಾಲೆಯದ್ದಲ್ಲ, ಆ ಪುರಸಭೆಯ ಎಲ್ಲ ಶಾಲೆಗಳದ್ದು. ಖಾಸಗಿ ಆಡಳಿತದ ಶಾಲೆಗೆ ಹೋಗುವ ಮಕ್ಕಳು ಆ ಸಂಸ್ಥೆಯ ಲೆಕ್ಕಕ್ಕೆ ಸೇರುತ್ತಾರೆ. ಹಾಗಾಗಿ ಮೂರು ಮಕ್ಕಳು ಸ್ಟಾಕ್‌ಹೋಮ್‌ನಲ್ಲಿ, ಇಬ್ಬರು ಸೊಲೆನ್‌ತೂನಾದಲ್ಲಿ ಇದ್ದರೆ ಐದಾಗುವುದಿಲ್ಲ.

ಎಣಿಕೆ ತಪ್ಪುವುದು ಇನ್ನೂ ಮುಂಚೆ, ಶಾಲೆಗೆ ಸೇರಿಸುವ ಅರ್ಜಿಯಲ್ಲಿ. ಮನೆಭಾಷೆಯ ಜಾಗದಲ್ಲಿ ಇಂಗ್ಲಿಷ್ ಎಂದೋ, ಶಿಕ್ಷಕರು ಸುಲಭವಾಗಿ ಸಿಗಲಿ ಎಂದು ಹಿಂದಿ ಎಂದೋ ತುಂಬಿದರೆ ಪುರಸಭೆಯ ಕಣ್ಣಿಗೆ ಕನ್ನಡದ ಮಗು ಒಂದೂ ಇರುವುದಿಲ್ಲ. ಕನ್ನಡ ಎಂದೇ ಬರೆಯಿರಿ, ಮಾತೃಭಾಷೆಯ ಅರ್ಜಿಯನ್ನು ಬೇರೆಯಾಗಿ ಹಾಕಿ. ಅದಕ್ಕೂ ಸಾಮಾನ್ಯವಾಗಿ ಬ್ಯಾಂಕ್‌ಐಡಿ ಬೇಕು. ಪಾಠ ಸಾಮಾನ್ಯವಾಗಿ ವಾರಕ್ಕೊಮ್ಮೆ, ಶಾಲೆ ಬಿಟ್ಟಮೇಲೆ ಇರುತ್ತದೆ. ಶಿಕ್ಷಕರು ದೂರದಲ್ಲಿದ್ದರೆ ಆನ್‌ಲೈನ್ ಮೂಲಕವೂ ನಡೆಸಬಹುದು. ಆರನೇ ತರಗತಿಯಿಂದ ಗ್ರೇಡ್ ಕೊಡುತ್ತಾರೆ. ಕನ್ನಡದಲ್ಲಿ ಬಿ.ಎಡ್ ಅಥವಾ ಎಂ.ಎ ಮಾಡಿರುವವರು ಸಂಗಾತಿಯ ಕೆಲಸಕ್ಕೆಂದು ಇಲ್ಲಿಗೆ ಬಂದು ಮನೆಯಲ್ಲೇ ಇದ್ದರೆ, ಪುರಸಭೆಯ ಮಾತೃಭಾಷಾ ವಿಭಾಗಕ್ಕೆ ಪ್ರಮಾಣಪತ್ರಗಳ ಜೊತೆ ಬರೆಯಿರಿ, ಜೊತೆಗೆ ಉಚಿತವಾದ ಎಸ್‌ಎಫ್‌ಐ ಸ್ವೀಡಿಷ್ ತರಗತಿಗೆ ಸೇರಿ. ಮಕ್ಕಳು ಐದಾದಾಗ ಶಿಕ್ಷಕರಿಲ್ಲ ಎಂಬ ಉತ್ತರ ಬರದಿರಲು ಆ ಪತ್ರ ಮೊದಲೇ ಅವರ ಕಡತದಲ್ಲಿರಬೇಕು.