ಬಿಸಿಯಾದಾಗ ಮಾತ್ರ ಮಿಸ್ಸಿಂಗ್: ಹಳೇ ಡೀಸೆಲ್ ಕಾರಿನಲ್ಲಿ ನಾನು ಹುಡುಕಿದ ಬಗೆ

ನನ್ನದು 2011ರ ಡೀಸೆಲ್ ಕಾರು. ನಾಲ್ಕು ಸಿಲಿಂಡರ್, ಕಾಮನ್ ರೈಲ್, ಅಂದರೆ ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಭಾರೀ ಒತ್ತಡದಲ್ಲಿ ಡೀಸೆಲ್ ಹೋಗುವ ವ್ಯವಸ್ಥೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸುವುದು, ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. ಶಿವಮೊಗ್ಗ ಬಿಟ್ಟು ಗಾಜನೂರು, ಮಂಡಗದ್ದೆ ದಾಟುವವರೆಗೂ ನಯವಾಗಿ ಓಡುತ್ತಿತ್ತು. ತೀರ್ಥಹಳ್ಳಿ ಪೇಟೆಯಲ್ಲಿ ನಿಧಾನ ಮಾಡಿದರೆ ಸಾಕು, ಗಡಗಡ ನಡುಕ. ಸ್ಟೀರಿಂಗ್ ಕೈಯಲ್ಲೇ ಅದುರುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿ. ಗ್ಯಾರೇಜಿನವರ ಮುಂದೆ ಮಾತ್ರ ಒಳ್ಳೇ ಹುಡುಗ! ಚೆಕ್ ಎಂಜಿನ್ ಲೈಟೂ ಬರುತ್ತಿರಲಿಲ್ಲ.

‘ನಾಲ್ಕೂ ಇಂಜೆಕ್ಟರ್ ಬಿಚ್ಚಿ ಕಳಿಸೋಣ ಸಾರ್’ ಎಂದರು ಒಬ್ಬ ಮೆಕ್ಯಾನಿಕ್. ಆಗಬಹುದು, ಆದರೆ ಯಾಕೆ ಅಂತ ಕೇಳಿದರೆ ಉತ್ತರ ಇರಲಿಲ್ಲ. ಇಂಜೆಕ್ಟರ್ ಅಂದರೆ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಸಾಮಾನು. ಹಳೇ ಗಾಡಿಯಲ್ಲಿ ಅದು ಎಷ್ಟೋ ಸಲ ಎಂಜಿನ್ನಿನ ಮೇಲ್ಭಾಗದ ಹೆಡ್‌ನಲ್ಲೇ ಕಚ್ಚಿಕೊಂಡಿರುತ್ತದೆ. ಸುಮ್ನೆ ನೋಡೋಣ ಅಂತ ಕೀಳುವ ಸಾಮಾನಲ್ಲ ಅದು.

ನನಗೆ ದಾರಿ ತೋರಿಸಿದ್ದು ಹೊಗೆ. ಸರಿಯಾಗಿ ಹೇಳಬೇಕೆಂದರೆ, ಹೊಗೆ ಇಲ್ಲದಿದ್ದದ್ದು. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಕಂಪ್ರೆಷನ್ ಕಮ್ಮಿಯಾಗಿದ್ದರೆ ಒಳಗೆ ಬಿದ್ದ ಡೀಸೆಲ್ ಉರಿಯದೆ ಬಿಳಿ ಹೊಗೆಯಾಗಿ ಬರುತ್ತದೆ, ಕಣ್ಣು ಉರಿಯುವಂಥ ವಾಸನೆ ಇರುತ್ತದೆ. ನಡುಕ ಬಂದಾಗ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ, ಸೈಲೆನ್ಸರ್ ಹತ್ತಿರ ಹೋಗಿ ನೋಡಿದೆ. ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಅಂದರೆ ಡೀಸೆಲ್ ಹೋಗಿ ಉರಿಯದೆ ಇರುವುದಲ್ಲ, ಡೀಸೆಲ್ಲೇ ಹೋಗುತ್ತಿಲ್ಲ.

ಹೋಗದಿರಲು ಕಾರಣ ಎರಡು ಕಡೆ ಇರಬಹುದು. ರೈಲ್‌ವರೆಗೆ ಸರಿಯಾಗಿ ಬರದೆ ಇರುವುದು ಒಂದು. ಬಂದರೂ ಇಂಜೆಕ್ಟರ್ ತೆರೆಯದೆ ಇರುವುದು ಇನ್ನೊಂದು. ಮೊದಲನೆಯದಾದರೆ, ಅಂದರೆ ಏರ್ ಹಿಡಿದಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ, ತೊಂದರೆ ಒಂದೇ ಸಿಲಿಂಡರಿಗೆ ಅಂಟಿಕೊಂಡಿರುವುದಿಲ್ಲ. ಫಿಲ್ಟರ್ ಹೇಗೂ ಹಳೆಯದಾಗಿತ್ತು, ಬದಲಿಸಿದೆ. ಪಂಪಿಗೆ ಹೋಗುವ ಪೈಪಿನ ನಡುವೆ ಪಾರದರ್ಶಕ ಪೈಪಿನ ತುಂಡು ಹಾಕಿ ನೋಡಿದೆ. ಗುಳ್ಳೆ ಇರಲಿಲ್ಲ.

ಯಾವ ಸಿಲಿಂಡರ್ ಅಂತ ಹುಡುಕಲು ಹಳೇ ಮೇಸ್ತ್ರಿಗಳು ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪೈಪಿನ ನಟ್ ಸಡಿಲಿಸುತ್ತಿದ್ದರು. ಕಾಮನ್ ರೈಲ್‌ನಲ್ಲಿ ಅದನ್ನು ಖಂಡಿತ ಮಾಡಬೇಡಿ. ಐಡಲ್‌ನಲ್ಲೇ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗಲೇ, 250 ಬಾರ್ ಆಸುಪಾಸು ಒತ್ತಡ ಇರುತ್ತದೆ, ಆ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ನಾನು ಆಟೋ ಕಾಂಪ್ಲೆಕ್ಸಿನ ಗೆಳೆಯನೊಬ್ಬನನ್ನು ಸ್ಕ್ಯಾನರ್ ಸಮೇತ ಪಕ್ಕದಲ್ಲಿ ಕೂರಿಸಿಕೊಂಡು ಅದೇ ತೀರ್ಥಹಳ್ಳಿ ರಸ್ತೆ ಹಿಡಿದೆ. ಐಡಲ್ ಒಂದೇ ಸಮ ಇರಲಿ ಅಂತ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪ್ರತಿ ಸಿಲಿಂಡರಿಗೂ ಡೀಸೆಲನ್ನು ಚೂರು ಹೆಚ್ಚು ಕಮ್ಮಿ ಮಾಡುತ್ತಿರುತ್ತದೆ. ಆ ಲೆಕ್ಕ ಒಳ್ಳೆಯ ಸ್ಕ್ಯಾನರಿನಲ್ಲಿ ಕಾಣುತ್ತದೆ. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ನಡುಕ ಬಂದಾಗ ಮೂರು ಸಿಲಿಂಡರಿನ ಅಂಕಿ ಸೊನ್ನೆಯ ಹತ್ತಿರವೇ ಇದ್ದವು. ಮೂರನೇ ಸಿಲಿಂಡರಿನದು ಮಾತ್ರ ಮೇಲಕ್ಕೆ ಜಿಗಿಯಿತು, ಅಂದರೆ ಇಸಿಯು ಅದಕ್ಕೆ ಹೆಚ್ಚು ಡೀಸೆಲ್ ಕೊಡಲು ನೋಡುತ್ತಿತ್ತು. ರೈಲ್ ಒತ್ತಡ ಅಲುಗಾಡಲೇ ಇಲ್ಲ.

ಇನ್ನು ಉಳಿದದ್ದು ಮೂರನೇ ಇಂಜೆಕ್ಟರ್ ಅಥವಾ ಅದರ ವೈರು. ಇಂಜೆಕ್ಟರುಗಳಿಂದ ಮಿಕ್ಕ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪುಗಳಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸಿದೆ. ನಾಲ್ಕರಲ್ಲೂ ಡೀಸೆಲ್ ಹೆಚ್ಚು ಕಮ್ಮಿ ಒಂದೇ ಮಟ್ಟಕ್ಕೆ ಬಂತು. ಕರೆಂಟ್ ಹರಿದಾಗ ಇಂಜೆಕ್ಟರನ್ನು ತೆರೆಯುವ ಕಾಯಿಲ್‌ಗಳ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಕಮ್ಮಿ, ನಾಲ್ಕೂ ಒಂದೇ ಥರ. ಹಾಗಾದರೆ ವೈರು? ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಪ್ಲಾಸ್ಟಿಕ್ ಕಡ್ಡಿಯಿಂದ ವೈರಿಂಗನ್ನು ಮೆಲ್ಲಗೆ ಒತ್ತುತ್ತಾ ಹೋದೆ. ಕೈಯಿಂದ ಮುಟ್ಟಬಾರದು, ಎಂಜಿನ್ ಓಡುವಾಗ ಕನೆಕ್ಟರ್ ಕೀಳಲೂಬಾರದು. ಇಂಜೆಕ್ಟರ್‌ಗೆ ಬರುವ ವೋಲ್ಟೇಜ್ ಬ್ಯಾಟರಿಗಿಂತ ಎಷ್ಟೋ ಜಾಸ್ತಿ. ಮೂರನೇ ಕನೆಕ್ಟರಿನ ಹಿಂದೆ, ವೈರು ತಿರುಗುವ ಜಾಗದಲ್ಲಿ ಒತ್ತಿದಾಗ ಎಂಜಿನ್ ಮುಗ್ಗರಿಸಿತು. ಬಿಟ್ಟರೆ ಸರಿ. ಮತ್ತೆ ಒತ್ತಿದರೆ ಮತ್ತೆ ಅದೇ.

ತಮಾಷೆ ಏನೆಂದರೆ, ಬ್ಯಾಟರಿ ಬಿಚ್ಚಿ, ವೈರಿನ ಎರಡೂ ತುದಿ ಕಳಚಿ ಅಳೆದರೆ ಮಲ್ಟಿಮೀಟರ್ ವೈರು ಸರಿ ಇದೆ ಅಂತ ಬೀಪ್ ಹೊಡೆಯಿತು. ಮೀಟರ್ ಹರಿಸುವ ಕರೆಂಟ್ ತೀರಾ ಕಮ್ಮಿ, ಒಂದೇ ಒಂದು ಎಳೆ ಉಳಿದಿದ್ದರೂ ಸಾಕು. ಇಂಜೆಕ್ಟರ್ ತೆರೆಯುವಾಗ ಎಳೆಯುವುದು 20 ಆಂಪಿಯರ್ ಹತ್ತಿರ. ಸವೆದ ಬಾವಿ ಹಗ್ಗ ಖಾಲಿ ಕೊಡ ಎತ್ತುತ್ತದೆ, ತುಂಬಿದ ಕೊಡ ಎತ್ತುವುದಿಲ್ಲ. ಹಾಗಾಗಿ ಅದೇ ವೈರಿನ ಮೂಲಕ ಹೆಡ್‌ಲೈಟಿನ 55 ವಾಟ್ ಬಲ್ಬ್ ಉರಿಸಿದೆ. ಪಕ್ಕದ ಸಿಲಿಂಡರಿನ ವೈರಿನಲ್ಲಿ ಬೆಳ್ಳಗೆ ಉರಿದ ಬಲ್ಬು ಇದರಲ್ಲಿ ಮಂಕಾಗಿ, ಕೆಂಪಗೆ ಕೂತಿತು. ವೈರು ಬಗ್ಗಿಸಿದರೆ ಆರಿಯೇ ಹೋಯಿತು.

ಇನ್ಸುಲೇಷನ್ ಸೀಳಿದಾಗ ಎಳೆಗಳು ಬಹುತೇಕ ಕಪ್ಪು-ಹಸಿರು ಬಣ್ಣಕ್ಕೆ ತಿರುಗಿ ಪುಡಿಯಾಗಿದ್ದವು. ಕನೆಕ್ಟರಿನ ಲಾಕ್ ಮುರಿದಿದ್ದಕ್ಕೆ ಹಿಂದೆ ಯಾರೋ ಕೇಬಲ್ ಟೈ ಬಿಗಿದಿದ್ದರು. ಅಲ್ಲೇ ವೈರು ಮಡಚಿಕೊಂಡು, ಬಿಸಿಗೆ ಮೆತ್ತಗಾಗಿ, ಐಡಲ್‌ನ ನಡುಕಕ್ಕೆ ಒಳಗೊಳಗೇ ಕಡಿದಿತ್ತು.

ಹೊಸ ಕನೆಕ್ಟರ್ ವೈರಿನ ಸಮೇತ ಕೆಲವು ನೂರು ರೂಪಾಯಿಗೆ ಸಿಕ್ಕಿತು. ಬೆಸುಗೆ ಹಾಕಲಿಲ್ಲ, ಕ್ರಿಂಪ್ ಮಾಡಿ, ಅಂದರೆ ಲೋಹದ ತುಂಡಿನಲ್ಲಿ ಒತ್ತಿ ಜೋಡಿಸಿ, ಬಿಸಿಗೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಎಳೆದೆ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗಿ, ಅದರ ಪಕ್ಕದಲ್ಲೇ ವೈರು ಮತ್ತೆ ಕಡಿಯುತ್ತದೆ. ಕನೆಕ್ಟರಿನ ಎರಡೂ ವೈರು ಒಂದಕ್ಕೊಂದು ಹೊಸೆದುಕೊಂಡಿದ್ದವು, ಹಾಗೇ ಹೊಸೆದು ಮೇಲೆ ಫೈಬರ್‌ಗ್ಲಾಸ್ ಕವಚ ಹಾಕಿದೆ. ಉಳಿದ ಮೂರು ಕನೆಕ್ಟರುಗಳ ಲಾಕ್ ಕೂಡ ಮುಟ್ಟಿದರೆ ಪುಡಿಯಾಗುವಂತಿದ್ದವು. ಬಾನೆಟ್ ತೆರೆದಿದ್ದಾಗಲೇ ಅವನ್ನೂ ಬದಲಿಸಿದೆ.